‘ಕ್ರಿಸ್ಟಿಯಾನೆ ಎಫ್.’: ಹದಿನಾಲ್ಕರ ಮಕ್ಕಳಿಗೆ ತೋರಿಸುವ ಸಿನಿಮಾನಾ ಇದು?

ಹಳೇರೀಲು
ನಿನ್ನೆ ರಾತ್ರಿ ಕೊನೆಗೂ ‘ಕ್ರಿಸ್ಟಿಯಾನೆ ಎಫ್.’ ನೋಡಿದೆ. 1981ರ ಜರ್ಮನ್ ಸಿನಿಮಾ, ಉಲಿ ಎಡೆಲ್ ನಿರ್ದೇಶನ. ಕಥೆ ನಡೆಯುವುದು 70ರ ದಶಕದ ಪಶ್ಚಿಮ ಬರ್ಲಿನ್‌ನಲ್ಲಿ. 13 ವರ್ಷದ ಹುಡುಗಿ ವಯಸ್ಸಿನ ಬಗ್ಗೆ ಸುಳ್ಳು ಹೇಳಿ ‘ಸೌಂಡ್’ ಅನ್ನುವ ಡಿಸ್ಕೋ ಒಳಗೆ ಹೋಗುತ್ತಾಳೆ. ಮೊದಲು ಮಾತ್ರೆ. ಆಮೇಲೆ ಹೆರಾಯಿನ್. ಆಮೇಲೆ ಆ ಹೆರಾಯಿನ್ ದುಡ್ಡಿಗಾಗಿ ಜೂ ಅನ್ನುವ ರೈಲು ಸ್ಟೇಷನ್ ಹತ್ತಿರ ಮೈ ಮಾರಿಕೊಳ್ಳಲು ಬೀದಿಗೆ ಇಳಿಯುವ ಸ್ಥಿತಿ. ಕಥೆ ಅಂದರೆ ಇಷ್ಟೇ. ಆದರೂ ಎರಡು ಗಂಟೆಗೂ ಜಾಸ್ತಿ ಹೊತ್ತು ಕೂತಲ್ಲಿಂದ ಏಳಲಿಲ್ಲ.

ಮಗಳಿಗೆ ಈಗ 14. ಅವಳ ಜೊತೆ ಕೂತು ಇನ್ನೊಮ್ಮೆ ನೋಡಬೇಕು ಅಂತ ಒಂದು ಮನಸ್ಸು, ಬೇಡ ಅಂತ ಇನ್ನೊಂದು. ಬೇಡ ಅನ್ನಿಸಿದ್ದು ಸೂಜಿ, ರಕ್ತ, ವಾಂತಿ ನೋಡಿ ಅಲ್ಲ. ಅವೆಲ್ಲ ಹೆದರಿಸುತ್ತವೆ, ಹೆದರಿಸಲಿ ಬಿಡಿ. ನನಗೆ ಅಳುಕು ಇರುವುದು ಮೊದಲ ಭಾಗದ ಬಗ್ಗೆ. ಆ ಹುಡುಗರು ಎಷ್ಟು ಚೆನ್ನಾಗಿ ಕಾಣುತ್ತಾರೆ ಅಂದರೆ! ಮಧ್ಯರಾತ್ರಿ ಖಾಲಿ ಶಾಪಿಂಗ್ ಸೆಂಟರ್ ಒಳಗೆ ಓಡುತ್ತಾರೆ, ಹಿಂದೆ ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿಯ ಹಾಡು, ಛಾವಣಿ ಮೇಲೆ ಹತ್ತಿ ಬೆಳಗಾಗುವುದನ್ನು ನೋಡುತ್ತಾರೆ. ಈ ವಯಸ್ಸಿನಲ್ಲೂ ನನಗೆ ಆ ಗುಂಪಿನಲ್ಲಿ ಇರಬೇಕು ಅನ್ನಿಸಿತು. ಅವಳಿಗೆ ಅನ್ನಿಸದೇ ಇರುತ್ತಾ? ಮಕ್ಕಳಿಗೆ ತೋರಿಸಿದವರು ಯಾರಾದರೂ ಇದ್ದರೆ ಹೇಳಿ.

ಗುಂಡಣ್ಣ
ತೋರಿಸಿ. ಮಧ್ಯದಲ್ಲಿ ಎದ್ದು ಹೋಗದ ಹಾಗೆ ನೋಡಿಕೊಳ್ಳಿ, ಅಷ್ಟೇ. ಮೊದಲ ಅರ್ಧ ಮಾತ್ರ ನೋಡಿ ಎದ್ದು ಹೋದರೆ ಕಷ್ಟ.

ಖಾಲಿಪುಟ
ಸಿನಿಮಾ ಬಿಡಿ, ಮೊದಲು ಅದಕ್ಕೆ ಮೂಲವಾದ ಪುಸ್ತಕ ಕೊಡಿ. ಕ್ರಿಸ್ಟಿಯಾನೆ ಅನ್ನುವವಳು ನಿಜವಾದ ಹುಡುಗಿ, 1978ರಲ್ಲಿ ಒಂದು ಕೇಸಿನಲ್ಲಿ ಸಾಕ್ಷಿ ಹೇಳಲು ಬಂದಿದ್ದಳು. ಕಾಯ್ ಹೆರ್ಮಾನ್, ಹೋರ್ಸ್ಟ್ ರೀಕ್ ಅನ್ನುವ ಇಬ್ಬರು ಪತ್ರಕರ್ತರು ಎರಡು ಗಂಟೆ ಮಾತಾಡಿಸೋಣ ಅಂತ ಹೋಗಿ ಎರಡು ತಿಂಗಳು ಮಾತಾಡಿಸಿದರು. ‘ಸ್ಟೆರ್ನ್’ ಪತ್ರಿಕೆಯಿಂದ ಪುಸ್ತಕವಾಯಿತು. ಅದರಲ್ಲಿ ಅವಳ ಬಾಲ್ಯ ಪೂರ್ತಿ ಇದೆ. ಹೊಡೆಯುವ ಅಪ್ಪ, ದುಡ್ಡಿಲ್ಲದ ಮನೆ, ಗ್ರೋಪಿಯುಸ್‌ಸ್ಟಾಟ್ ಅನ್ನುವ ದೈತ್ಯ ಬಡಾವಣೆ. 1962ರಿಂದ 1975ರ ತನಕ ಕಟ್ಟಿದ್ದು, ಹದಿನೆಂಟು ಸಾವಿರಕ್ಕೂ ಜಾಸ್ತಿ ಮನೆ. ಮಕ್ಕಳು ಎಲ್ಲಿ ಹೋದರೂ ‘ಇಲ್ಲಿ ಆಡಬಾರದು’ ಅನ್ನುವ ಬೋರ್ಡು.

ಸಿನಿಮಾ ಇದೆಲ್ಲವನ್ನೂ ಕತ್ತರಿಸಿ ಎಸೆದಿದೆ. ಶುರುವಿನಲ್ಲಿ ಅವಳ ದನಿಯಲ್ಲಿ ನಾಲ್ಕು ಮಾತು, ಲಿಫ್ಟು, ಕಾರಿಡಾರು, ಮುಗಿಯಿತು. ಹಾಗಾಗಿ ನೋಡುವವರಿಗೆ ಡಿಸ್ಕೋಗೆ ಹೋದಳು, ಹಾಳಾದಳು ಅನ್ನಿಸುತ್ತದೆ. ಅಪ್ಪ ಅಮ್ಮಂದಿರಿಗೆ ಬಹಳ ಅನುಕೂಲವಾದ ಕಥೆ ಅಲ್ವಾ ಇದು? ತಪ್ಪೆಲ್ಲ ಡಿಸ್ಕೋದ್ದು, ಗೆಳೆಯರದ್ದು. ಮನೆಯ ಸುದ್ದಿಯೇ ಇಲ್ಲ.

ಬೆಳ್ಳಿತೆರೆ
@ಖಾಲಿಪುಟ, ಒಪ್ಪುವುದಿಲ್ಲ. ಮನೆಯ ಸುದ್ದಿ ಇದೆ, ಭಾಷಣವಾಗಿ ಇಲ್ಲ ಅಷ್ಟೇ. ಅಮ್ಮನನ್ನು ಗಮನಿಸಿದ್ದೀರಾ? ಕೆಟ್ಟವಳಲ್ಲ, ಪ್ರೀತಿ ಇಲ್ಲದವಳೂ ಅಲ್ಲ. ದಣಿದವಳು. ಕೆಲಸ, ಹೊಸ ಗೆಳೆಯ, ತನ್ನದೇ ಬದುಕು. ಮಗಳು ಗೆಳತಿ ಮನೆಯಲ್ಲಿ ಮಲಗುತ್ತೇನೆ ಅಂದರೆ ನಂಬುತ್ತಾಳೆ, ಯಾಕೆಂದರೆ ನಂಬುವುದು ಸುಲಭ. ಬಾತ್‌ರೂಮಿನಲ್ಲಿ ಮಗಳು ಬಿದ್ದಿರುವುದನ್ನು ನೋಡುವ ತನಕ ಏನೂ ಗೊತ್ತಾಗುವುದಿಲ್ಲ. ಹೊಡೆಯುವ ಅಪ್ಪನನ್ನು ತೋರಿಸಿದ್ದರೆ ‘ಓ ಅಂಥ ಮನೆಯಾ, ನಮ್ಮದಲ್ಲ’ ಅಂತ ನೋಡುವವರು ಆರಾಮಾಗಿ ಕೂರುತ್ತಿದ್ದರು. ಅವನನ್ನು ತೆಗೆದು ಹಾಕಿದ್ದರಿಂದ ಅದು ಯಾರ ಮನೆ ಬೇಕಾದರೂ ಆಗಬಹುದು.

ಇನ್ನೊಂದು ವಿಷಯ. ಈ ಸಿನಿಮಾಗೆ ಮೊದಲು ನಿರ್ದೇಶಕ ಎಡೆಲ್ ಅಲ್ಲ, ರೋಲಾಂಡ್ ಕ್ಲಿಕ್. ಶೂಟಿಂಗ್ ಶುರುವಾಗುವ ಸ್ವಲ್ಪ ಮುಂಚೆ ನಿರ್ಮಾಪಕ ಬೆರ್ಂಡ್ ಐಶಿಂಗರ್ ಅವರನ್ನು ತೆಗೆದು ಎಡೆಲ್‌ರನ್ನು ಕರೆತಂದರು. ಎಡೆಲ್‌ಗೆ ಇದು ಮೊದಲ ದೊಡ್ಡ ಚಿತ್ರ. ಪಾತ್ರ ಮಾಡಿದ ಮಕ್ಕಳಲ್ಲಿ ಬಹುತೇಕರು ಅದಕ್ಕೆ ಮುಂಚೆ ಕ್ಯಾಮೆರಾ ನೋಡಿದವರಲ್ಲ. ಸ್ಟೇಷನ್ ದೃಶ್ಯಗಳಲ್ಲಿ ಹಿಂದೆ ನಿಂತಿರುವವರಲ್ಲಿ ಎಷ್ಟೋ ಜನ ನಿಜವಾಗಿ ಚಟಕ್ಕೆ ಬಿದ್ದವರೇ. ಆ ಮುಖಗಳನ್ನು ಮೇಕಪ್‌ನಲ್ಲಿ ಮಾಡಲು ಆಗುವುದಿಲ್ಲ.

ಬೋವಿಪುರಾಣ
ಅದೆಲ್ಲ ಸರಿ, ಆ ಓಡುವ ದೃಶ್ಯದ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಬರುವ ಬೋವಿಯ ‘ಹೀರೋಸ್’ ಹಾಡು ಬಂದಿದ್ದು 1977ರಲ್ಲಿ. ಸಿನಿಮಾದಲ್ಲಿ ಅದು ಕೇಳಿಸುವಾಗ ಹುಡುಗಿಗೆ ಇನ್ನೂ 13, ಅಂದರೆ 75 ಅಥವಾ 76. ‘ಲುಕ್ ಬ್ಯಾಕ್ ಇನ್ ಆ್ಯಂಗರ್’ ಅಂತೂ 1979ರದ್ದು! ಹಾಡುಗಳ ಮಟ್ಟಿಗೆ ಕಾಲಕ್ಕೂ ಕಥೆಗೂ ಸಂಬಂಧವೇ ಇಲ್ಲ.

ಬೋವಿಯ ಸಂಗೀತ ಕಚೇರಿಯ ದೃಶ್ಯ ಇನ್ನೂ ಮಜಾ. ಅಸಲಿ ಕ್ರಿಸ್ಟಿಯಾನೆ ಬೋವಿಯನ್ನು ನೋಡಿದ್ದು 1976ರ ಏಪ್ರಿಲ್‌ನಲ್ಲಿ, ಬರ್ಲಿನ್‌ನ ಡಾಯ್ಚ್‌ಲಾಂಡ್‌ಹಾಲೆ ಅನ್ನುವ ಸಭಾಂಗಣದಲ್ಲಿ. ಅವತ್ತು ರಾತ್ರಿಯೇ ಅವಳು ಮೊದಲ ಸಲ ಹೆರಾಯಿನ್ ಮೂಗಿಗೆ ಏರಿಸಿದ್ದು. ಸಿನಿಮಾದಲ್ಲಿ ನೀವು ನೋಡುವ ಬೋವಿ ಮಾತ್ರ 1980ರವರು, ಅದೂ ನ್ಯೂಯಾರ್ಕ್‌ನಲ್ಲಿ. ಆಗ ಅವರು ಅಲ್ಲಿ ಬ್ರಾಡ್‌ವೇ ನಾಟಕದಲ್ಲಿ ಪಾತ್ರ ಮಾಡುತ್ತಿದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ಹಾಗಾಗಿ ಚಿತ್ರತಂಡವೇ ಅಲ್ಲಿಗೆ ಹೋಯಿತು. ಕುಣಿಯುತ್ತಿರುವ ಜನಸಾಗರ ಬರ್ಲಿನ್‌ನ ಎಸಿ/ಡಿಸಿ ಅನ್ನುವ ರಾಕ್ ತಂಡದ ಒಂದು ಕಚೇರಿಯದ್ದು. ಆ ಹುಡುಗಿ ಕಣ್ಣರಳಿಸಿ ನೋಡುತ್ತಿರುವಾಗ ಎದುರಿಗೆ ಯಾವ ಬೋವಿಯೂ ಇರಲಿಲ್ಲ.

ಗುಂಡಣ್ಣ
ಡ್ರಗ್ಸ್ ಬಗ್ಗೆ ಮಾತಾಡುತ್ತಿದ್ದೆವು, ಈಗ ಬೋವಿ ಪುರಾಣ ಶುರುವಾಯಿತು.

ಬೋವಿಪುರಾಣ
ಡ್ರಗ್ಸ್ ಬಗ್ಗೆಯೇ ಹೇಳುತ್ತಿದ್ದೇನೆ ಸ್ವಾಮಿ. ಬೋವಿ 1976ರಲ್ಲಿ ಬರ್ಲಿನ್‌ಗೆ ಬಂದಿದ್ದೇ ಕೊಕೇನ್‌ನಿಂದ ತಪ್ಪಿಸಿಕೊಳ್ಳಲು. ಲಾಸ್ ಏಂಜಲಿಸ್‌ನಲ್ಲಿ ಸತ್ತೇ ಹೋಗುತ್ತಾರೆ ಅನ್ನುವ ಸ್ಥಿತಿಗೆ ಬಂದಿದ್ದರು. ಬರ್ಲಿನ್‌ನ ಷೋನೆಬೆರ್ಗ್‌ನಲ್ಲಿ ಮನೆ ಮಾಡಿಕೊಂಡು ಸೈಕಲ್ ಹೊಡೆದುಕೊಂಡು ಇದ್ದರು. ಅವರು ಚಟ ಬಿಡಲು ಬಂದ ಊರಿನಲ್ಲೇ, ಅದೇ ವರ್ಷ, ಅವರ ಅಭಿಮಾನಿ ಹುಡುಗಿ ಚಟಕ್ಕೆ ಬಿದ್ದಳು. ಸಿನಿಮಾ ಇದನ್ನು ಎಲ್ಲೂ ಹೇಳುವುದಿಲ್ಲ. ಗೊತ್ತಿದ್ದು ನೋಡಿದರೆ ಆ ಕಚೇರಿ ದೃಶ್ಯ ಬೇರೆಯೇ ಕಾಣುತ್ತದೆ.

ಸೂಜಿಮದ್ದು
ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಈ ಥರದ ರೋಗಿಗಳನ್ನು ನೋಡಿದ್ದೇನೆ. ಸಿನಿಮಾದಲ್ಲಿ ಅವಳೂ ಗೆಳೆಯ ಡೆಟ್ಲೆಫ್ ಕೂಡ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೆರಾಯಿನ್ ಬಿಡಲು ನೋಡುತ್ತಾರಲ್ಲ, ಆ ಭಾಗದ ಬಗ್ಗೆ ಎರಡು ಮಾತು.

ಲಕ್ಷಣಗಳು ಬಹುಮಟ್ಟಿಗೆ ಸರಿ. ಕೊನೆಯ ಡೋಸ್ ಆಗಿ ಅರ್ಧ ದಿನ ಕಳೆಯುವ ಹೊತ್ತಿಗೆ ಶುರುವಾಗುತ್ತದೆ. ಮೂಗು ಸೋರುವುದು, ಬೆವರು, ಚಳಿ, ಮೈಕೈ ಸೆಳೆತ, ವಾಂತಿ, ಭೇದಿ. ಎರಡು ಮೂರನೇ ದಿನ ಅತಿ ಜಾಸ್ತಿ. ಒಂದು ವಾರ ಹತ್ತು ದಿನದಲ್ಲಿ ದೇಹದ ಮಟ್ಟಿಗೆ ಇಳಿಯುತ್ತದೆ. ಸಾವು ಬಂದ ಹಾಗೆ ಅನ್ನಿಸುತ್ತದೆ. ಆದರೆ ಆರೋಗ್ಯವಂತರು ಬರೀ ಇದರಿಂದ ಸಾಯುವುದು ಅಪರೂಪ.

ಅಪಾಯ ಇರುವುದು ಅದರ ನಂತರ. ಇದು ಜನಕ್ಕೆ ಗೊತ್ತಿಲ್ಲ. ಕೆಲವು ದಿನ ಬಿಟ್ಟರೆ ಸಾಕು, ದೇಹದ ತಾಳಿಕೆ ಇಳಿದುಬಿಡುತ್ತದೆ. ಆಗ ಹಳೇ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲುತ್ತದೆ. ಓವರ್‌ಡೋಸ್ ಸಾವುಗಳಲ್ಲಿ ಇಂಥವು ಬಹಳ. ಜೈಲಿಂದ ಬಂದವರು, ಚಿಕಿತ್ಸೆ ಮುಗಿಸಿ ಬಂದವರು. ಸಿನಿಮಾದಲ್ಲಿ ಆ ಜೋಡಿ ಅಷ್ಟೆಲ್ಲ ಒದ್ದಾಡಿ ಎದ್ದು, ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿ, ಮೊದಲ ಸಲ ಜೂ ಸ್ಟೇಷನ್‌ಗೆ ಹೋದಾಗಲೇ ಮತ್ತೆ ಶುರು ಮಾಡುತ್ತಾರೆ. ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ಜಾಗ ಅದು, ವಾಂತಿ ಅಲ್ಲ.

ಹಳೇರೀಲು
@ಸೂಜಿಮದ್ದು, ಹಾಗಾದರೆ ಮನೆಯಲ್ಲಿ ಬಾಗಿಲು ಹಾಕಿ ಬಿಡಿಸುವುದು ಯಾಕೆ? ಆಸ್ಪತ್ರೆ ಇರಲಿಲ್ವಾ ಅಲ್ಲಿ?

ಸೂಜಿಮದ್ದು
ಆಗ ಪಶ್ಚಿಮ ಜರ್ಮನಿಯಲ್ಲಿ ಚಿಕಿತ್ಸೆ ಅಂದರೆ ಪೂರ್ತಿ ಬಿಡುವುದು, ಅಷ್ಟೇ. ಹೆರಾಯಿನ್ ಬದಲಿಗೆ ಮೆಥಡೋನ್ ಅನ್ನುವ ಔಷಧಿ ಕೊಟ್ಟು ನಿಭಾಯಿಸುವ ದಾರಿ ಅಲ್ಲಿ ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. ತಮಾಷೆ ನೋಡಿ, ಮೆಥಡೋನ್ ಕಂಡುಹಿಡಿದದ್ದೇ ಜರ್ಮನಿಯಲ್ಲಿ, 1930ರ ದಶಕದ ಕೊನೆಗೆ. ಹೆರಾಯಿನ್ ಚಟಕ್ಕೆ ಅದನ್ನು ದಿನಾ ಕೊಡುವ ಪದ್ಧತಿ 60ರ ದಶಕದ ನ್ಯೂಯಾರ್ಕ್‌ನಲ್ಲಿ ಬಂತು. ಜರ್ಮನಿಯಲ್ಲಿ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯ 1988ರಲ್ಲಿ ಪ್ರಯೋಗ ಶುರು ಮಾಡಿತು, 1992ರಲ್ಲಿ ಕಾನೂನು ಸ್ಪಷ್ಟವಾಗಿ ಒಪ್ಪಿತು. ಜೂ ಸ್ಟೇಷನ್ ಮಕ್ಕಳಿಗೆ ಅದು ಹತ್ತು ಹದಿನೈದು ವರ್ಷ ತಡ.

ಗುಂಡಣ್ಣ
ಹೆರಾಯಿನ್ ಕೂಡ ಅವರದ್ದೇ ಸರಕು ಅಲ್ವಾ? ಬಾಯರ್ ಕಂಪನಿ 1898ರಲ್ಲಿ ಆ ಹೆಸರಿಟ್ಟು ಕೆಮ್ಮಿನ ಔಷಧಿ ಅಂತ ಮಾರುಕಟ್ಟೆಗೆ ಬಿಟ್ಟಿತ್ತು. ಮಾರ್ಫಿನ್‌ನಷ್ಟು ಚಟ ಹಿಡಿಸುವುದಿಲ್ಲ ಅಂತ ಬೇರೆ ಹೇಳಿಕೊಂಡು.

ರೈಲುಪ್ರೇಮಿ
ಸ್ಟೇಷನ್ ಬಗ್ಗೆ ಒಂದು ವಿಷಯ, ಸಿನಿಮಾ ನೋಡುವವರಿಗೆ ಉಪಯೋಗ ಆಗಬಹುದು. ಜೂ ಸ್ಟೇಷನ್ ಇರುವುದು ಪಶ್ಚಿಮ ಬರ್ಲಿನ್‌ನಲ್ಲಿ. ಆದರೆ ಅಲ್ಲಿನ ರೈಲು ನಡೆಸುತ್ತಿದ್ದದ್ದು ಪೂರ್ವ ಜರ್ಮನಿಯ ರೈಲ್ವೆ, ರೈಷ್‌ಬಾನ್! ಯುದ್ಧದ ನಂತರದ ಒಪ್ಪಂದದ ಪ್ರಕಾರ ಹಾಗೆ. ಎರಡು ಬರ್ಲಿನ್‌ಗಳ ನಡುವೆ ಗೋಡೆ ಕಟ್ಟಿದ ಮೇಲೂ ಮುಂದುವರಿಯಿತು. ಪಶ್ಚಿಮದ ಎಸ್-ಬಾನ್ ಲೋಕಲ್ ರೈಲುಗಳು 1984ರ ಜನವರಿಯಲ್ಲಿ ಮಾತ್ರ ಪಶ್ಚಿಮದವರ ಕೈಗೆ ಬಂದದ್ದು. ಪೂರ್ವದವರಿಗೆ ಆ ಕಟ್ಟಡ ಚೆನ್ನಾಗಿಡುವ ಉತ್ಸಾಹ ಯಾಕಿರುತ್ತದೆ? ಅದಕ್ಕೇ ಅಷ್ಟು ಕೊಳಕು, ಅಷ್ಟು ಕತ್ತಲು. ಯಾರದ್ದೂ ಅಲ್ಲದ ಜಾಗ.

2006ರಲ್ಲಿ ಹೊಸ ಸೆಂಟ್ರಲ್ ಸ್ಟೇಷನ್ ಶುರುವಾದ ಮೇಲೆ ದೂರದ ಎಕ್ಸ್‌ಪ್ರೆಸ್ ರೈಲುಗಳು ಇಲ್ಲಿ ನಿಲ್ಲುವುದನ್ನೇ ಬಿಟ್ಟವು. ಸ್ಟೇಷನ್ ಹಿಂಭಾಗದ ಯೆಬೆನ್ಸ್ ಬೀದಿಯಲ್ಲಿ ಮನೆ ಇಲ್ಲದವರಿಗೆ ಊಟ ಕೊಡುವ ಮಿಷನ್ ಈಗಲೂ ಇದೆ.

ನಿಧಾನಿ
ಯಾಕೆ ಬರ್ಲಿನ್ ಅನ್ನುವುದೂ ಮುಖ್ಯ. ಸುತ್ತ ಗೋಡೆ ಇರುವ ಊರು. ಕೆಲಸ, ಕಾರ್ಖಾನೆ ಎಲ್ಲ ಪಶ್ಚಿಮ ಜರ್ಮನಿ ಕಡೆ ಹೋಗುತ್ತಿದ್ದವು. ಪಶ್ಚಿಮ ಬರ್ಲಿನ್‌ನಲ್ಲಿ ಇದ್ದರೆ ಕಡ್ಡಾಯ ಸೈನ್ಯ ಸೇವೆ ಇಲ್ಲ, ಹಾಗಾಗಿ ತಪ್ಪಿಸಿಕೊಳ್ಳುವ ಹುಡುಗರೆಲ್ಲ ಅಲ್ಲಿಗೆ. ಬಾರುಗಳಿಗೆ ಮುಚ್ಚುವ ಹೊತ್ತೇ ಇಲ್ಲ. 13 ವರ್ಷದ ಹುಡುಗಿ ರಾತ್ರಿ ಎರಡು ಗಂಟೆಗೆ ಸುತ್ತುತ್ತಿದ್ದರೆ ಯಾರಿಗೂ ವಿಚಿತ್ರ ಅನ್ನಿಸದ ಊರು. ಅದು ಸಿನಿಮಾದಲ್ಲಿ ಚೆನ್ನಾಗಿ ಬಂದಿದೆ. ದೊಡ್ಡವರು ಪ್ರತಿ ಫ್ರೇಮಿನಲ್ಲೂ ಇದ್ದಾರೆ, ಪಕ್ಕದಲ್ಲೇ ನಡೆದು ಹೋಗುತ್ತಾರೆ, ಒಬ್ಬರೂ ನಿಲ್ಲುವುದಿಲ್ಲ. ಗಿರಾಕಿಗಳು ಮಾತ್ರ ನಿಲ್ಲುತ್ತಾರೆ.

ಮಾತುಬೇಕು
ನಾನು ಶಾಲೆಗಳಲ್ಲಿ ಮಕ್ಕಳ ಜೊತೆ ಈ ವಿಷಯ ಮಾತಾಡುತ್ತೇನೆ, ಅದೇ ನನ್ನ ಕೆಲಸ. ಹಳೇರೀಲು ಅವರ ಮೂಲ ಪ್ರಶ್ನೆಗೆ ಬರುತ್ತೇನೆ, ಎಲ್ಲರೂ ರೈಲು ಹತ್ತಿ ಹೋಗಿಬಿಟ್ಟಿದ್ದೀರಿ.

ಹೆದರಿಸಿ ಬುದ್ಧಿ ಕಲಿಸುವುದು ನಾವು ಅಂದುಕೊಂಡಷ್ಟು ನಡೆಯುವುದಿಲ್ಲ. ಅಮೆರಿಕದಲ್ಲಿ 1983ರಲ್ಲಿ ‘ಡೇರ್’ ಅಂತ ಕಾರ್ಯಕ್ರಮ ಶುರುವಾಯಿತು. ಪೊಲೀಸರು ಕ್ಲಾಸಿಗೆ ಬಂದು ಡ್ರಗ್ಸ್ ಬೇಡ ಅಂತ ಪಾಠ ಮಾಡುವುದು. ದೇಶದ ತುಂಬ ಹರಡಿತು. ಆಮೇಲೆ ಎಷ್ಟೋ ಅಧ್ಯಯನಗಳು ನೋಡಿದಾಗ ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಮುಂದೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಒಂದು ಸಲ ಮುಟ್ಟಿದರೆ ಸತ್ತೆ’ ಅಂತ ಹೇಳಿರುತ್ತೇವೆ. ಕ್ಲಾಸಿನಲ್ಲಿ ಯಾರೋ ಮುಟ್ಟಿರುತ್ತಾರೆ, ಸತ್ತಿರುವುದಿಲ್ಲ, ಮಾರನೇ ದಿನ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ಕೂಡ ತೆಗೆದಿರುತ್ತಾರೆ. ಅಲ್ಲಿಗೆ ನಮ್ಮ ಮಾತಿನ ಬೆಲೆ ಹೋಯಿತು.

ಈ ಸಿನಿಮಾ ಆ ಸುಳ್ಳು ಹೇಳುವುದಿಲ್ಲ, ಅದಕ್ಕೇ ನನಗೆ ಇಷ್ಟ. ಶುರುವಿನಲ್ಲಿ ಚೆನ್ನಾಗಿರುತ್ತದೆ ಅಂತ ಒಪ್ಪಿಕೊಳ್ಳುತ್ತದೆ. ಗೆಳೆಯರು ಸಿಗುತ್ತಾರೆ, ಪ್ರೀತಿ ಸಿಗುತ್ತದೆ, ಬೇಜಾರು ಹೋಗುತ್ತದೆ. ನೀವು ಯಾವ ಭಾಗಕ್ಕೆ ಹೆದರುತ್ತಿದ್ದೀರೋ ಆ ಭಾಗವೇ ಮಕ್ಕಳಿಗೆ ಬೇಕಾದದ್ದು. ಅದಿಲ್ಲದಿದ್ದರೆ ಅವರು ಉಳಿದದ್ದನ್ನು ನಂಬುವುದಿಲ್ಲ.

ಬಣ್ಣದಹಕ್ಕಿ
ಹೂಂ, ಆದರೆ ಆ ಭಾಗದಲ್ಲೇ ಸಿಕ್ಕಿ ಹಾಕಿಕೊಂಡವರೂ ಇದ್ದಾರೆ. ಆ ಕಾಲದಲ್ಲಿ ಜರ್ಮನಿಯ ಹುಡುಗಿಯರು ಕ್ರಿಸ್ಟಿಯಾನೆ ಥರ ಬಟ್ಟೆ ಹಾಕಿಕೊಂಡು ಜೂ ಸ್ಟೇಷನ್ ನೋಡಲು ಬರುತ್ತಿದ್ದರು. ಯಾತ್ರೆ ಹೋದ ಹಾಗೆ. ಇನ್ನು 2021ರ ಅಮೆಜಾನ್ ಸರಣಿ ನೋಡಿ, ಎಂಟು ಕಂತು. ಅದರಲ್ಲಿ ಎಲ್ಲರೂ ಫ್ಯಾಷನ್ ಪತ್ರಿಕೆಯಿಂದ ಎದ್ದು ಬಂದ ಹಾಗಿದ್ದಾರೆ. ಚರ್ಮ ಫಳಫಳ. ಅದನ್ನು ಮಾತ್ರ ತೋರಿಸಬೇಡಿ.

ಬೆಳ್ಳಿತೆರೆ
ಸರಣಿಯಲ್ಲಿ ಪಾತ್ರ ಮಾಡಿದವರು ದೊಡ್ಡವರು. ಅದಕ್ಕೆ ಒಂದು ಒಳ್ಳೆ ಕಾರಣವೂ ಇದೆ, ಅದನ್ನು ಮರೆಯಬೇಡಿ. 1981ರ ಸಿನಿಮಾದಲ್ಲಿ ನಾಯಕಿ ನಾಟ್ಯಾ ಬ್ರುಂಕ್‌ಹೋರ್ಸ್ಟ್ ಶೂಟಿಂಗ್ ಹೊತ್ತಿಗೆ ಇನ್ನೂ ಹದಿಮೂರು ಹದಿನಾಲ್ಕರ ಹುಡುಗಿ. ಅಂಥ ದೃಶ್ಯಗಳನ್ನು ಆ ವಯಸ್ಸಿನವರ ಕೈಲಿ ಮಾಡಿಸುವುದನ್ನು ಇವತ್ತು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ನಮಗೆ ‘ಎಷ್ಟು ನೈಜ’ ಅನ್ನಿಸುವುದರ ಬೆಲೆ ಒಂದು ಮಗು ಕೊಟ್ಟಿದೆ ಅನ್ನುವುದು ನನಗೆ ಪ್ರತಿ ಸಲ ಚುಚ್ಚುತ್ತದೆ. ಪುಣ್ಯಕ್ಕೆ ಅವರು ಮುಂದೆ ಬರಹಗಾರ್ತಿ, ನಿರ್ದೇಶಕಿ ಆದರು. 2024ರಲ್ಲೂ ಅವರ ನಿರ್ದೇಶನದ ಚಿತ್ರ ಬಂದಿದೆ.

ದೂರದನೆಂಟ
ಸುಮ್ಮನೆ ಓದುತ್ತಿದ್ದೆ, ಬರೆಯುವ ಮನಸ್ಸಿರಲಿಲ್ಲ. ನನ್ನ ಚಿಕ್ಕಪ್ಪನ ಮಗ ಈ ದಾರಿಯಲ್ಲಿ ಹೋದವನು. ಬರ್ಲಿನ್ ಅಲ್ಲ, ಹೆರಾಯಿನ್ ಕೂಡ ಅಲ್ಲ, ಮಾತ್ರೆಗಳು. ಸಿನಿಮಾ ನೋಡುವಾಗ ನನಗೆ ಗುರುತು ಸಿಕ್ಕಿದ್ದು ಸೂಜಿ ಚುಚ್ಚುವುದಲ್ಲ, ಸುಳ್ಳು. ಅವರಿಬ್ಬರೂ ‘ನಮಗೆ ಕಂಟ್ರೋಲ್ ಇದೆ, ಯಾವಾಗ ಬೇಕಾದರೂ ಬಿಡುತ್ತೇವೆ’ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಲ್ಲ, ಅದೇ ಮಾತು, ಅದೇ ಮುಖ. ಅವನು ನಮಗೆ ಸುಳ್ಳು ಹೇಳುತ್ತಿದ್ದಾನೆ ಅಂತ ನಾವು ಸಿಟ್ಟಾಗುತ್ತಿದ್ದೆವು. ಅವನು ಮೊದಲು ತನಗೇ ಹೇಳಿಕೊಳ್ಳುತ್ತಿದ್ದ, ಆ ಹೊತ್ತಿಗೆ ಅದನ್ನು ನಂಬಿಯೂ ಇದ್ದ.

ಒಂದು ಕೇಂದ್ರಕ್ಕೆ ಸೇರಿಸಿದ್ದೆವು. ಅಲ್ಲಿ ಕೂಡಿ ಹಾಕಿ, ಬೈದು, ಕೆಲಸ ಮಾಡಿಸಿ ಕಳಿಸಿದರು. ಡಾಕ್ಟರ್ ಮುಖವನ್ನೇ ಅವನು ನೋಡಲಿಲ್ಲವಂತೆ. ಹೊರಗೆ ಬಂದು ಒಂದೇ ವಾರದಲ್ಲಿ ಮತ್ತೆ ಶುರು. ಸೂಜಿಮದ್ದು ಅವರು ಹೇಳಿದ ತಾಳಿಕೆ ವಿಷಯ ನಮಗೆ ಒಬ್ಬರೂ ಹೇಳಿರಲಿಲ್ಲ. ಈಗ ಬೇರೆ ಕಡೆ ಡಾಕ್ಟರ್ ನೋಡುತ್ತಿದ್ದಾರೆ, ಔಷಧಿ ಮೇಲೆ ಇದ್ದಾನೆ, ಕೆಲಸಕ್ಕೆ ಹೋಗುತ್ತಾನೆ. ನೆಂಟರು ‘ಇನ್ನೂ ಔಷಧಿ ಬಿಟ್ಟಿಲ್ವಾ’ ಅಂತ ಕೇಳುವುದು ನಿಂತಿಲ್ಲ.

ಸೂಜಿಮದ್ದು
@ದೂರದನೆಂಟ, ಔಷಧಿ ಮೇಲೆ ಇರುವುದು ಸೋಲಲ್ಲ, ನೆಂಟರಿಗೆ ಹಾಗೇ ಹೇಳಿ. ಸಕ್ಕರೆ ಕಾಯಿಲೆಯವರನ್ನು ಹಾಗೆ ಯಾರೂ ಕೇಳುವುದಿಲ್ಲ. ಡಾಕ್ಟರ್ ಹೇಳದೆ ತಾವಾಗಿ ಬಿಡಿಸುವ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬೇಡಿ.

ಖಾಲಿಪುಟ
ಇದೇ ನೋಡಿ, ಸಿನಿಮಾ ಕೊನೆಯ ಬಗ್ಗೆ ನನ್ನ ತಕರಾರು ಇಲ್ಲೇ ಇರುವುದು. ಕೊನೆಗೆ ಏನಾಗುತ್ತದೆ? ಅಮ್ಮ ಹ್ಯಾಂಬರ್ಗ್ ಹತ್ತಿರದ ಹಳ್ಳಿಗೆ, ಅಜ್ಜಿ ಮನೆಗೆ ಕರೆದುಕೊಂಡು ಹೋದಳು, ಈಗ ಬಿಟ್ಟಿದ್ದೇನೆ ಅಂತ ಹುಡುಗಿಯ ದನಿ. ಪರದೆ ಬಿತ್ತು. ಊರು ಬಿಟ್ಟರೆ ಚಟ ಬಿಡುತ್ತದೆ ಅನ್ನುವ ಹಾಗೆ. ನಿಜವಾದ ಕ್ರಿಸ್ಟಿಯಾನೆ ಆಮೇಲೆ ಮತ್ತೆ ಬಿದ್ದರು, ಎದ್ದರು, ಮತ್ತೆ ಬಿದ್ದರು. 2013ರಲ್ಲಿ ಬರೆದ ಎರಡನೇ ಪುಸ್ತಕದಲ್ಲಿ ಮೆಥಡೋನ್, ಹೆಪಟೈಟಿಸ್ ಸಿ, ಎಲ್ಲ ಇದೆ. 14ರ ಹುಡುಗಿ ಸಿನಿಮಾ ನೋಡಿ ‘ಓ, ಅಜ್ಜಿ ಮನೆಗೆ ಹೋದರೆ ಸರಿಹೋಗುತ್ತೆ’ ಅಂದುಕೊಂಡರೆ?

ಬೆಳ್ಳಿತೆರೆ
ಸಿನಿಮಾ ಬಂದಿದ್ದು 1981ರಲ್ಲಿ, 2013ರ ಪುಸ್ತಕ ಓದಿ ಮಾಡಲು ಆಗುತ್ತಾ? ಅವಳ ಆಗಿನ ಕಥೆ ಅಲ್ಲಿಗೇ ನಿಂತಿತ್ತು. ಆ ದನಿಯಲ್ಲಿ ಖುಷಿ ಕೇಳಿಸಿತಾ ನಿಮಗೆ? ನನಗಂತೂ ಇಲ್ಲ. ಅದಕ್ಕೆ ಸ್ವಲ್ಪ ಮುಂಚೆ ತಾನೇ ಗೆಳತಿ ಬಾಬ್ಸಿ ಸತ್ತದ್ದನ್ನು ಅವಳು ಪೇಪರಿನಲ್ಲಿ ಓದುತ್ತಾಳೆ. ಅದೂ ನಿಜ ಘಟನೆ. 1977ರಲ್ಲಿ ಆ ಹುಡುಗಿ ಸತ್ತಾಗ ಬರೀ 14. ಅಷ್ಟು ನೋಡಿದ ಮೇಲೆ ಅಜ್ಜಿ ಮನೆ ಯಾರಿಗೂ ಸುಖಾಂತ್ಯ ಅನ್ನಿಸುವುದಿಲ್ಲ.

ಖಾಲಿಪುಟ
ನಿಮಗೆ ಅನ್ನಿಸುವುದಿಲ್ಲ. ನೀವು ಸಿನಿಮಾ ಅರೆದು ಕುಡಿದವರು. ಮಕ್ಕಳು ಬೋವಿ ಹಾಡು ನೆನಪಿಟ್ಟುಕೊಳ್ಳುತ್ತಾರೆ.

ಬೋವಿಪುರಾಣ
ಅದರಲ್ಲಿ ಏನು ತಪ್ಪು?

ಹಳೇರೀಲು
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮಾತುಬೇಕು ಅವರ ಮಾತು ಮನಸ್ಸಿಗೆ ಹಿಡಿಸಿತು, ಆದರೂ ಒಂದು ಅನುಮಾನ. ಜೊತೆಗೆ ಕೂತು ನೋಡಿದ ಮೇಲೆ ಏನು ಮಾತಾಡುವುದು? ‘ನೋಡಿದ್ಯಾ, ಹೀಗಾಗುತ್ತೆ’ ಅಂದರೆ ಅವಳು ಫೋನ್ ತೆಗೆದುಕೊಂಡು ಎದ್ದು ಹೋಗುತ್ತಾಳೆ, ಗ್ಯಾರಂಟಿ.

ಮಾತುಬೇಕು
ನೀವು ಮಾತಾಡಬೇಡಿ. ಆ ಅಮ್ಮನ ಪಾತ್ರದ ಬಗ್ಗೆ ಅವಳನ್ನು ಕೇಳಿ. ‘ಅವಳಿಗೆ ಯಾವಾಗ ಗೊತ್ತಾಗಬೇಕಿತ್ತು?’ ಅಂತ. ಮಕ್ಕಳಿಗೆ ದೊಡ್ಡವರ ತಪ್ಪು ಹುಡುಕುವುದು ಬಹಳ ಇಷ್ಟ, ಗಂಟೆಗಟ್ಟಲೆ ಮಾತಾಡುತ್ತಾರೆ. ಅದರಲ್ಲಿ ಅವರ ಶಾಲೆ, ಅವರ ಗೆಳೆಯರು, ಎಲ್ಲ ತಾನಾಗಿ ಬರುತ್ತದೆ. ನೀವು ಬೆಚ್ಚಿಬಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಅದೊಂದು ನೆನಪಿರಲಿ. ಇನ್ನೊಂದು, ಜರ್ಮನಿಯಲ್ಲೇ ಇದಕ್ಕೆ 16 ವರ್ಷದ ಮಿತಿ ಇದೆ. ನಿಮ್ಮ ಮಗಳಿಗೆ 14. ಅವಳು ಎಂಥವಳು ಅಂತ ನಿಮಗೆ ಗೊತ್ತು, ನಮಗಲ್ಲ. ಎರಡು ವರ್ಷ ಕಾದರೆ ಸಿನಿಮಾ ಓಡಿಹೋಗುವುದಿಲ್ಲ.

ಗುಂಡಣ್ಣ
ಎರಡು ವರ್ಷ ಕಾದರೆ ಅವಳೇ ಅಷ್ಟರಲ್ಲಿ ಫೋನ್‌ನಲ್ಲಿ ನೋಡಿ ಮುಗಿಸಿರುತ್ತಾಳೆ. ಒಬ್ಬಳೇ.

ನಿಧಾನಿ
ಗುಂಡಣ್ಣ ಮೊದಲ ಸಲ ಕೆಲಸಕ್ಕೆ ಬರುವ ಮಾತು ಹೇಳಿದರು.

ಖಾಲಿಪುಟ
ಪುಸ್ತಕ, ಪುಸ್ತಕ. ಅದರಲ್ಲಿ ಅಮ್ಮ ತಾನೇ ಮಾತಾಡುವ ಭಾಗವೂ ಇದೆ. ನೀವು ಓದಿ ಮೊದಲು, ಮಗಳು ಆಮೇಲೆ.

ಬೆಳ್ಳಿತೆರೆ
ಸಿನಿಮಾ ಮೊದಲು. ಪುಸ್ತಕ ಓದಿ ಬಂದರೆ ಪ್ರತಿ ದೃಶ್ಯಕ್ಕೂ ‘ಇದು ಬಿಟ್ಟಿದ್ದಾರೆ, ಅದು ಬಿಟ್ಟಿದ್ದಾರೆ’ ಅಂತ ಕೂರುತ್ತೀರಿ, ಖಾಲಿಪುಟ ಅವರ ಹಾಗೆ. ಮತ್ತೆ ಇಂಗ್ಲಿಷ್ ಡಬ್ಬಿಂಗ್ ಹಾಕಬೇಡಿ, ಜರ್ಮನ್ ದನಿಯಲ್ಲೇ ನೋಡಿ, ಕೆಳಗೆ ಅಕ್ಷರ ಓದಿಕೊಳ್ಳಲಿ. ಆ ಹುಡುಗಿಯ ಚಪ್ಪಟೆ ದನಿ ಡಬ್ಬಿಂಗ್‌ನಲ್ಲಿ ಪೂರ್ತಿ ಹೋಗಿಬಿಡುತ್ತದೆ.

ಹಳೇರೀಲು
ಪುಸ್ತಕ ಇವತ್ತೇ ತರಿಸುತ್ತಿದ್ದೇನೆ. ಸಿನಿಮಾ ವಿಷಯ ಹೆಂಡತಿ ಜೊತೆ ಮಾತಾಡಬೇಕು, ಅವಳು ನಿನ್ನೆ ಅರ್ಧಕ್ಕೇ ಎದ್ದು ಹೋದಳು. @ರೈಲುಪ್ರೇಮಿ, ಗೋಡೆ ಆಚೆಯವರು ಈಚೆ ರೈಲು ಓಡಿಸುತ್ತಿದ್ದರೆ ಟಿಕೆಟ್ ದುಡ್ಡು ಯಾರಿಗೆ ಹೋಗುತ್ತಿತ್ತು?

ರೈಲುಪ್ರೇಮಿ
ಪೂರ್ವಕ್ಕೆ! ಅದಕ್ಕೇ ಗೋಡೆ ಕಟ್ಟಿದ ಮೇಲೆ ಪಶ್ಚಿಮದ ಜನ ಎಸ್-ಬಾನ್ ಹತ್ತುವುದನ್ನೇ ಬಿಟ್ಟರು. ‘ನಿಮ್ಮ ದುಡ್ಡು ಮುಳ್ಳುತಂತಿಗೆ ಹೋಗುತ್ತದೆ’ ಅಂತ ಬಹಿಷ್ಕಾರ. ಆ ಕಥೆ ದೊಡ್ಡದು, ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.